ಅಪ್ಪ ಗಾಡಿ ಬಿಚ್ಚಿದ ಬೇಸಿಗೆ

ಊರಿಗೆಲ್ಲ ಮೂರೇ ಮೂರು ಮೋಟಾರು ಗಾಡಿಗಳಿದ್ದ ಕಾಲ. ಡೈರಿ ಸೆಕ್ರೆಟರಿಯ ಸ್ಕೂಟರು, ಕಬ್ಬಿನ ಫೀಲ್ಡ್‌ಮನ್ನನ ಮೊಪೆಡ್ಡು, ಮೂರನೆಯದು ನಮ್ಮಪ್ಪನದು. ನಾಲೆ ಏರಿಯ ಮೇಲೆ ಯಾವ ಗಾಡಿ ಬರುತ್ತಿದೆ ಎಂಬುದನ್ನು ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದ ಹೆಂಗಸರೂ ಶಬ್ದ ಕೇಳಿಯೇ ಹೇಳುತ್ತಿದ್ದರು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪಾಂಡವಪುರದಿಂದ ತೊಣ್ಣೂರಿನ ಕಡೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿದರೆ ಸಿಗುವ ಸಣ್ಣ ಊರು ನಮ್ಮದು. ಚಳಿಗಾಲದಲ್ಲಿ ಆಲೆಮನೆಗಳ ಹೊಗೆ, ಕುದಿಯುವ ಬೆಲ್ಲದ ವಾಸನೆ. ಬೇಸಿಗೆ ಬಂದರೆ ನಾಲೆಯ ನೀರು ನಿಂತು ಒಣಗುವ ಕೆಸರಿನ ವಾಸನೆ. ನಮ್ಮ ಮನೆಯಲ್ಲಿ ಮಾತ್ರ ವರ್ಷವಿಡೀ ಇನ್ನೆರಡು ವಾಸನೆಗಳು ಸೇರಿಕೊಂಡಿರುತ್ತಿದ್ದವು. ಒಂದು ಪೆಟ್ರೋಲಿನದು, ಇನ್ನೊಂದು ದನದ ಔಷಧಿಯದು.

ಅಪ್ಪ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ. ಪುಟ್ಟಸ್ವಾಮಿ ಎಂಬ ಹೆಸರು ಆಫೀಸಿನ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಸುತ್ತಲಿನ ಹಳ್ಳಿಗಳಿಗೆಲ್ಲ ಅವನು ದನದ ಡಾಕ್ಟ್ರು. ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿದೆ ಎಂದು ಕೆ.ಆರ್. ಪೇಟೆ ಗಡಿಯ ಹಳ್ಳಿಗಳಿಂದಲೂ, ಕುರಿಗಳು ಹೊಟ್ಟೆ ಉಬ್ಬರಿಸಿಕೊಂಡು ಬಿದ್ದಿವೆ ಎಂದು ನಾಗಮಂಗಲದ ಕಡೆಯಿಂದಲೂ ಜನ ಬಂದು ಜಗುಲಿಯಲ್ಲಿ ಕೂರುತ್ತಿದ್ದರು. ಅಪ್ಪ ಕೈಲಿದ್ದ ಮುದ್ದೆಯನ್ನು ಹಾಗೇ ಬಿಟ್ಟು ಎದ್ದು ಹೊರಡುತ್ತಿದ್ದ.

ಗಾಡಿಯನ್ನು ಅವನು ಮೈಸೂರಿನಲ್ಲಿ ಒಬ್ಬರು ನಿವೃತ್ತ ಮಿಲಿಟರಿಯವರಿಂದ ತಂದಿದ್ದ. ಅದು ಬೇರೆ ಗಾಡಿಗಳ ಹಾಗಿರಲಿಲ್ಲ. ಸೀಟು ತಗ್ಗಿನಲ್ಲಿತ್ತು. ಅಗಲವಾದ ಹ್ಯಾಂಡಲು ಎತ್ತರಕ್ಕೆ ಎದ್ದು ಎರಡೂ ಕಡೆ ಹಿಂದಕ್ಕೆ ಬಾಗಿತ್ತು. ಕೂತವನು ಆರಾಮಕುರ್ಚಿಯಲ್ಲಿ ಒರಗಿಕೊಂಡ ಹಾಗೆ ಕಾಣುತ್ತಿದ್ದ. ಆ ಹ್ಯಾಂಡಲು ನೋಡಿ ಊರವರು ಅದಕ್ಕೆ ಎಮ್ಮೆ ಗಾಡಿ ಎಂದು ಹೆಸರಿಟ್ಟಿದ್ದರು. ಇಂಥವಕ್ಕೆ ಕ್ರೂಸರ್ ಎನ್ನುತ್ತಾರೆಂದು ನನಗೆ ಗೊತ್ತಾಗಿದ್ದು ನಾನೇ ಎರಡು ಮಕ್ಕಳ ತಾಯಿಯಾದ ಮೇಲೆ.

ಭಾನುವಾರ ಗಾಡಿಯ ಉಪಚಾರ. ಅಂಗಳದ ಹೊಂಗೆಮರದ ನೆರಳಿನಲ್ಲಿ ಗೋಣಿತಾಟು ಹಾಸಿ, ಗಾಡಿಯನ್ನು ಸ್ಟ್ಯಾಂಡಿಗೆ ಎಳೆದು ನಿಲ್ಲಿಸಿ, ಅಪ್ಪ ತನ್ನ ದನದ ಪೆಟ್ಟಿಗೆಯನ್ನೇ ತಂದಿಟ್ಟುಕೊಳ್ಳುತ್ತಿದ್ದ. ಹಸುವಿಗೆ ಚುಚ್ಚುವ ದಪ್ಪ ಸಿರಿಂಜಿನಿಂದ ಕ್ಲಚ್ ವೈರಿನೊಳಕ್ಕೆ ಎಣ್ಣೆ ಬಿಡುತ್ತಿದ್ದ. ಗಾಯದೊಳಗಿನ ಹುಳ ತೆಗೆಯುವ ಚಿಮಟದಿಂದ ಸಣ್ಣ ಸಣ್ಣ ಕ್ಲಿಪ್ಪುಗಳನ್ನು ಕೀಳುತ್ತಿದ್ದ. ಬಿಚ್ಚಿದ ಸಾಮಾನುಗಳೆಲ್ಲ ಗೋಡಂಬಿಯ ಆಕಾರದ ಬಿಳಿ ಎನಾಮಲ್ ತಟ್ಟೆಗೆ. ಕೊನೆಗೆ ಗಾಡಿ ಶುರು ಮಾಡಿ ಎಂಜಿನ್ನಿನ ಪಕ್ಕೆಗೆ ಸ್ಟೆತಾಸ್ಕೋಪು ಇಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದ. ನನ್ನ ಕಿವಿಗೂ ಇಟ್ಟು, "ಏನ್ ಕೇಳ್ತದವ್ವ?" ಅನ್ನುತ್ತಿದ್ದ. "ಟಕಟಕ ಅಂತದೆ" ಅಂದರೆ, "ಟ್ಯಾಪೆಟ್ಟು ಸಡಿಲ ಆಗ್ಯದೆ. ಅಜೀರ್ಣ" ಎಂದು ನಗುತ್ತಿದ್ದ. ತಟ್ಟೆ ಹಿಡಿಯುವುದು, ಸೀಮೆಎಣ್ಣೆಯಲ್ಲಿ ನಟ್ಟು ಬೋಲ್ಟು ತೊಳೆಯುವುದು ನನ್ನ ಕೆಲಸ.

"ಬಿಚ್ಚೋದು ಯಾರ್ ಬೇಕಾದ್ರೂ ಬಿಚ್ಚಾಕ್ತಾರೆ ಕಣವ್ವ," ಅನ್ನುತ್ತಿದ್ದ. "ಯಾವ್ದು ಎಲ್ಲಿಂದ ಬಂತು ಅಂತ ಜೋಡ್ಸೋನ್ಗೆ ಗೊತ್ತಿರ್ಬೇಕು." ಬಿಚ್ಚಿದ ಸಾಮಾನನ್ನು ಎಡದಿಂದ ಬಲಕ್ಕೆ ಸಾಲಾಗಿ ಇಡಬೇಕು. ಜೋಡಿಸುವಾಗ ಬಲದಿಂದ ಎಡಕ್ಕೆ ಬರಬೇಕು. ಅದೇ ಅವನ ಪಾಠ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಸಂಕ್ರಾಂತಿ ಕಳೆದು ಹತ್ತು ದಿನವಾಗಿತ್ತು. ಬೆಳಿಗ್ಗೆ ಅವ್ವ ಕೊಟ್ಟ ಕಾಫಿ ಲೋಟ ಅಪ್ಪನ ಬಲಗೈಯಿಂದ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವನು ಹಾಗೇ ಪಕ್ಕಕ್ಕೆ ವಾಲಿ ಗೋಡೆಗೆ ಒರಗಿದ. ಅವ್ವನನ್ನು ನೋಡುತ್ತ ಏನೋ ಹೇಳಲು ಬಾಯಿ ತೆರೆದ. ಬಾಯಿಂದ ಬಂದದ್ದು ಮಾತಲ್ಲ. ಟ್ರಾಕ್ಟರಿನಲ್ಲಿ ಹಾಸಿಗೆ ಹಾಕಿ ಪಾಂಡವಪುರಕ್ಕೆ, ಅಲ್ಲಿಂದ ಮೈಸೂರಿಗೆ ಕರೆದುಕೊಂಡು ಹೋದರು. ಇಪ್ಪತ್ತು ದಿನದ ಮೇಲೆ ವಾಪಸು ಬಂದ ಅಪ್ಪ ಕೋಲೂರಿ, ಬಲಗಾಲು ಎಳೆದು ನಡೆಯುತ್ತಿದ್ದ. ಬಲಗೈ ಮಡಿಲಲ್ಲಿ ಮಲಗಿರುತ್ತಿತ್ತು. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಮಾತು ಮಾತ್ರ ಇರಲಿಲ್ಲ. "ಆಂ" ಎಂಬುದೊಂದೇ ಉಳಿದಿತ್ತು. ಹಸಿವಾದರೂ ಆಂ, ಸಾಕಾದರೂ ಆಂ.

ನೋಡಲು ಬಂದವರು ಕಿವುಡರ ಜೊತೆ ಮಾತಾಡುವ ಹಾಗೆ ಗಟ್ಟಿಯಾಗಿ ಕೂಗಿ ಮಾತಾಡಿಸುತ್ತಿದ್ದರು. ಅಪ್ಪ ತಲೆ ತಗ್ಗಿಸುತ್ತಿದ್ದ. ದಿನ ಕಳೆದಂತೆ ಬರುವವರೂ ಕಡಿಮೆಯಾದರು. ದನಕ್ಕೆ ಹುಷಾರಿಲ್ಲದವರು ಬೇರೆ ಕಡೆ ಹೋಗತೊಡಗಿದರು. ಅಪ್ಪ ಜಗುಲಿಯಲ್ಲಿ ಕೂತು, ಹೊಂಗೆಮರದ ಕೆಳಗೆ ಧೂಳು ಹಿಡಿಯುತ್ತಿದ್ದ ಗಾಡಿಯನ್ನು ನೋಡುತ್ತಿರುತ್ತಿದ್ದ.

ಮೈಸೂರಿನ ಡಾಕ್ಟರು ಅವ್ವನಿಗೆ ಒಂದು ಮಾತು ಹೇಳಿ ಕಳಿಸಿದ್ದರು: ಕೈಗೆ ರೂಢಿ ಇದ್ದ ಕೆಲಸ ಏನಾದರೂ ಮಾಡಿಸಿ, ಅದರ ಹಿಂದೆ ಮಾತೂ ಬಂದರೆ ಬರಬಹುದು. ಅವ್ವ ಅದನ್ನು ಎರಡು ತಿಂಗಳು ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳು. ನನ್ನ ಪರೀಕ್ಷೆ ಮುಗಿದು ಬೇಸಿಗೆ ರಜ ಶುರುವಾದ ಮಾರನೇ ದಿನ ಗೋಣಿತಾಟು ತಂದು ಮರದ ಕೆಳಗೆ ಹಾಸಿದಳು. ದನದ ಪೆಟ್ಟಿಗೆ ಇಟ್ಟಳು. ಅಪ್ಪನ ಕೈ ಹಿಡಿದು ಕರೆತಂದು ಕೂರಿಸಿ, "ಬಿಚ್ಚಿ," ಅಂದಳು. "ಏನ್ ಬೇಕಾದ್ರೂ ಬಿಚ್ಚಿ. ಇವಳು ಇಡ್ಕತಾಳೆ. ಸುಮ್ಕೆ ಅದ್ರ ಮಖ ನೋಡ್ಕಂಡ್ ಕೂತಿದ್ರೆ ಏನ್ ಬಂತು?"

ಅಪ್ಪ ಬಹಳ ಹೊತ್ತು ಗಾಡಿಯನ್ನೇ ನೋಡಿದ. ಆಮೇಲೆ ಎಡಗೈ ಚಾಚಿ ಎಂಜಿನ್ನಿನ ಮೇಲಿನ ಧೂಳನ್ನು ಒರೆಸಿದ. ಸ್ಪಾರ್ಕ್ ಪ್ಲಗ್ಗಿನ ವೈರು ಎಳೆದು ತೆಗೆದ. ನನ್ನ ಕಡೆ ಕೈ ನೀಡಿದ. ನಾನು ಸ್ಕ್ರೂಡ್ರೈವರ್ ಕೊಟ್ಟೆ. ಅದನ್ನು ಪಕ್ಕಕ್ಕೆ ಹಾಕಿ ಮತ್ತೆ ಕೈ ನೀಡಿದ. ಇಕ್ಕಳ ಕೊಟ್ಟೆ. ಅದನ್ನೂ ಹಾಕಿದ. ಅವನ ಹಣೆ ಬೆವರತೊಡಗಿತು. ತುಟಿ ಅದುರಿತು.

"ಪಾ," ಅಂದ. "ಪಾ... ಪಾನಾ."

ನಾನು ನಟ್ಟು ಬಿಚ್ಚುವ ಆ ಪಾನಾ ಕೊಡಲಿಲ್ಲ. ಎದ್ದು ಒಳಗೆ ಓಡಿದೆ. ಅವ್ವ ರಾಗಿಹಿಟ್ಟು ಜರಡಿ ಆಡುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಏನಂದ್ರಿ? ಇನ್ನೊಂದ್ ಸಲ ಅನ್ನಿ."

"ಪಾನಾ," ಅಂದ ಅಪ್ಪ, ನಾವು ಯಾಕೆ ಹೀಗೆ ಆಡುತ್ತಿದ್ದೇವೆ ಎಂದು ಅರ್ಥವಾಗದವನ ಹಾಗೆ, ಕೈ ಇನ್ನೂ ಚಾಚಿಕೊಂಡೇ. ಅವ್ವ ಮುಂಗೈಯಿಂದ ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಹಿಟ್ಟು ಮಾಡಿಕೊಂಡಳು.

ಅಲ್ಲಿಂದ ಮೂರು ವಾರ ನಮ್ಮ ಮನೆಯಲ್ಲಿ ನಡೆದದ್ದನ್ನು ನಾನು ಹಬ್ಬ ಎಂದೇ ಕರೆಯುತ್ತೇನೆ. ಬೆಳಿಗ್ಗೆ ನಾನು ಹಾಲು ಡೈರಿಗೆ ಹಾಕಿ ಬಂದ ಮೇಲೆ, ರೊಟ್ಟಿ ತಿಂದು, ಅಪ್ಪ ನಾನು ಮರದ ಕೆಳಗೆ ಕೂರುತ್ತಿದ್ದೆವು. ಅಪ್ಪನ ಬಲಗೈ ನಾನು. ಅವನು ಎಡಗೈಯಲ್ಲಿ ಪಾನಾ ತಿರುಗಿಸಿದರೆ ನಾನು ಆ ಕಡೆಯ ಬೋಲ್ಟು ತಿರುಗದ ಹಾಗೆ ಹಿಡಿಯುತ್ತಿದ್ದೆ. ಮೊದಲು ಸೀಟು ಬಂತು. ಪೆಟ್ರೋಲು ಬಕೆಟಿಗೆ ಬಿಟ್ಟು ಟ್ಯಾಂಕು ಇಳಿಸಿದೆವು. ಎಂಜಿನ್ನಿನ ಕೆಳಗಿನ ಬೋಲ್ಟು ಸಡಿಲಿಸಿ, ಡಾಂಬರಿನ ಹಾಗಿದ್ದ ಹಳೇ ಎಣ್ಣೆಯನ್ನು ಮುರುಕು ಬಾಂಡ್ಲಿಗೆ ಇಳಿಸಿದೆವು. ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆಹಾಕಿದೆವು. ಪ್ಲಗ್ಗಿನ ಮಸಿಯನ್ನು ನಾನೇ ಉಪ್ಪು ಕಾಗದದಿಂದ ಉಜ್ಜಿ ಬೆಳ್ಳಗೆ ಮಾಡಿದೆ. ಬಿಚ್ಚಿದ ಒಂದೊಂದರ ಜೊತೆಗೆ ಒಂದೊಂದು ಮಾತು ಹೊರಬರುತ್ತಿತ್ತು. ಪ್ಲಗ್ಗು. ಟ್ಯಾಂಕು. ಆಯಿಲ್ಲು. ವಾಶರು ಅನ್ನಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಎಂಟನೇ ದಿನವೋ ಒಂಬತ್ತನೇ ದಿನವೋ, ಅಂಗೈಲಿ ಹಿಡಿದಿದ್ದ ಕಪ್ಪು ಗಡ್ಡೆಯಂಥದ್ದನ್ನು ನೋಡುತ್ತ ಒಂದೇ ಉಸಿರಿಗೆ "ಕಾರ್ಬುರೇಟರು" ಅಂದುಬಿಟ್ಟ. ಅವತ್ತು ಅವ್ವ ಶಾವಿಗೆ ಪಾಯಸ ಮಾಡಿದಳು.

ಭಾನುವಾರ ಶ್ರೀರಂಗಪಟ್ಟಣದಿಂದ ಬಾಷಣ್ಣ ಬರುತ್ತಿದ್ದ. ಕೋಟೆಯ ಒಳಗೆ ಸಣ್ಣ ಗ್ಯಾರೇಜು ಇಟ್ಟುಕೊಂಡಿದ್ದ ಬಾಷಣ್ಣ ಅಪ್ಪನ ಹಳೇ ಗೆಳೆಯ. ತಾನು ಬಿಚ್ಚಲು ಕೈ ಹಾಕುತ್ತಿರಲಿಲ್ಲ. ಗೋಣಿತಾಟಿನ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಬೀಡಿ ಎಳೆಯುತ್ತ ನೋಡುತ್ತಿದ್ದ. "ಅರೆ ಭಾಬಿ, ಕೈ ಏನೂ ಮರ್ತಿಲ್ಲ ಇವ್ರಿಗೆ. ನೋಡ್ರಿ, ಎಡಗೈಲಿ ನಂಗಿಂತ ಚೆನ್ನಾಗ್ ಬಿಚ್ತಾವ್ರೆ. ಎಲ್ಲಾ ಬಿಚ್ಚಿ ವಾಪಸ್ ಜೋಡಿಸ್ಲಿ, ನಾನೇ ಓಡಿಸ್ತೀನಿ, ಹಿಂದೆ ಕೂರಿಸ್ಕಂಡು ತೊಣ್ಣೂರ್ ಕೆರೆ ಸುತ್ತಿಸ್ಕಂಡ್ ಬರ್ತೀನಿ. ಆಮೇಲ್ ನೋಡಿ, ರೇಡಿಯೋ ಥರ ಮಾತಾಡ್ತಾರೆ."

ಇಷ್ಟೆಲ್ಲ ಸಂತೋಷದ ನಡುವೆ ನನಗೊಂದು ಕೊರತೆ ಇತ್ತು. ಅಪ್ಪನಿಗೆ ನನ್ನ ಹೆಸರು ಬರುತ್ತಿರಲಿಲ್ಲ.

ಕಾರ್ಬುರೇಟರು ಬರುತ್ತದೆ, ಸೈಲೆನ್ಸರು ಬರುತ್ತದೆ, ಎರಡೇ ಅಕ್ಷರದ ಗೀತಾ ಬರುವುದಿಲ್ಲ. ನಾನು ದಿನಾ ಕೇಳುತ್ತಿದ್ದೆ. ಅವ್ವನಿಗೆ ಹೇಳಿಕೊಂಡರೆ, "ನನ್ನೆಸ್ರ ಅವ್ರು ಯಾವತ್ತೂ ಇಡಿದೇ ಇಲ್ಲ ಕಣೆ, ಇವಳೇ ಅಂತಿದ್ರು. ಈಗ ಅದೂ ಇಲ್ಲ. ನಾನೇನ್ ಅಳ್ತಾ ಕೂತಿದ್ದೀನಾ? ಬತ್ತದೆ ಬುಡು," ಅನ್ನುತ್ತಿದ್ದಳು. ಒಂದು ಭಾನುವಾರ ಬಾಷಣ್ಣನ ಮುಂದೆಯೇ ನಾನು ಅಪ್ಪನ ಗಲ್ಲ ಹಿಡಿದು, "ಗೀ ಅನ್ನಪ್ಪ. ಗೀ... ತಾ," ಎಂದು ಹೇಳಿಕೊಟ್ಟೆ. ಅಪ್ಪ ಕಣ್ಣು ಅರಳಿಸಿ, ಮೈಯೆಲ್ಲ ಬಿಗಿ ಹಿಡಿದು, "ಗೀ... ಗೀ..." ಎಂದು ಎಳೆದು, "ಗೇರು!" ಅಂದ.

ಬಾಷಣ್ಣ ಬೀಡಿ ಕೆಳಗೆ ಬೀಳುವಷ್ಟು ನಕ್ಕ. ಅವ್ವನೂ ನಕ್ಕಳು. ಅವರು ನಗುವುದು ನೋಡಿ ಅಪ್ಪನೂ ಸೊಟ್ಟ ಬಾಯಿಯಲ್ಲಿ ನಕ್ಕ. ಬೇಲಿಯಾಚೆ ಚೌಕಾಬಾರ ಆಡುತ್ತಿದ್ದ ಹುಡುಗಿಯರಿಗೂ ಅದು ಕೇಳಿಸಿತು. ಮಾರನೇ ದಿನದಿಂದ ಬೀದಿಯಲ್ಲಿ ನಾನು ಗೇರು ಗೀತಾ ಆದೆ. ಆಟಕ್ಕೆ ಹೋದರೆ, "ಒಂದನೇ ಗೇರೋ ಎರಡ್ನೇ ಗೇರೋ?" ಎಂದು ಕೇಳುತ್ತಿದ್ದರು. ನಾನು ಆಟಕ್ಕೆ ಹೋಗುವುದನ್ನೇ ಬಿಟ್ಟೆ. ಮರದ ಕೆಳಗೆ ಕೂತು ಬೋಲ್ಟು ಹಿಡಿದುಕೊಂಡಿರುವಾಗ ಅಪ್ಪನ ಮುಖ ನೋಡಿ, ಈ ಗಾಡಿಗಿಂತ ನಾನು ಕಡಿಮೆ ಅನಿಸುತ್ತಿತ್ತು. ಈಗ ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆಗ ನನಗೆ ಹತ್ತು ವರ್ಷ.

ಕೊನೆಗೆ ಬಿಚ್ಚಿದ್ದು ಕ್ಲಚ್ಚು. ಎಂಜಿನ್ನಿನ ಪಕ್ಕದ ದೊಡ್ಡ ಮುಚ್ಚಳ ತೆಗೆದರೆ ಒಳಗೆ ದೋಸೆಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ತಟ್ಟೆಗಳು. ಅವುಗಳ ನಡುವೆ ತೆಳ್ಳನೆಯ ಒಂದು ಕಡ್ಡಿ. ಆ ಕಡ್ಡಿಯ ತುದಿಗೆ ಬಟಾಣಿ ಕಾಳಿನಷ್ಟು ಚಿಕ್ಕ ಉಕ್ಕಿನ ಗುಂಡು. ಹ್ಯಾಂಡಲಿನಲ್ಲಿ ಕ್ಲಚ್ ಹಿಡಿದಾಗ ಕಡ್ಡಿ ಆ ಗುಂಡನ್ನು ತಳ್ಳುತ್ತದೆ, ಗುಂಡು ತಟ್ಟೆಗಳನ್ನು ಬಿಡಿಸುತ್ತದೆ. ಅದಿಲ್ಲದೆ ಕ್ಲಚ್ಚು ಕೆಲಸ ಮಾಡುವುದಿಲ್ಲ. ಇದನ್ನೆಲ್ಲ ಅಪ್ಪ ಹಿಂದಿನ ವರ್ಷವೇ ನನಗೆ ವಿವರಿಸಿದ್ದ. ಗುಂಡನ್ನು ಚಿಮಟದಲ್ಲಿ ಹಿಡಿದು ತೆಗೆದು, ಬಿಸಿಲಿಗೆ ಹಿಡಿದು ನೋಡಿ, ನನ್ನ ತಟ್ಟೆಗೆ ಹಾಕಿದ. ಅದಕ್ಕೆ ಅವನ ಬಾಯಲ್ಲಿ ಹೆಸರು ಬರಲಿಲ್ಲ. "ಆಂ," ಅಂದ ಅಷ್ಟೆ.

ಎಲ್ಲವನ್ನೂ ತೊಳೆದು ಒರೆಸಿ ಆಯಿತು. ಗುರುವಾರ ಬೆಳಿಗ್ಗೆ ಜೋಡಿಸುವುದೆಂದು ಗೊತ್ತಾಯಿತು. ಅವತ್ತು ಬೆಳಿಗ್ಗೆ ಅಪ್ಪ ಬರುವ ಮೊದಲೇ ನಾನು ಆ ಗುಂಡನ್ನು ತಟ್ಟೆಯಿಂದ ತೆಗೆದು ಲಂಗದ ಸೊಂಟದ ಮಡಿಕೆಗೆ ಸಿಕ್ಕಿಸಿಕೊಂಡೆ.

ಯಾಕೆ ಎಂದು ಆಗಲೇ ನನಗೆ ಗೊತ್ತಿತ್ತು. ಅಪ್ಪ ಅದನ್ನು ಹುಡುಕುತ್ತಾನೆ. ನನ್ನನ್ನು ಕೇಳಲೇಬೇಕಾಗುತ್ತದೆ. ಕೇಳಬೇಕಾದರೆ ಕರೆಯಲೇಬೇಕು. ಬೇಕು ಎಂದು ಕೇಳಿದ್ದಕ್ಕೆ ಪಾನಾ ಬಂತು, ಪ್ಲಗ್ಗು ಬಂತು. ನಾನೂ ಹಾಗೇ ಬರುತ್ತೇನೆ ಅಂದುಕೊಂಡೆ.

ಅಪ್ಪ ಹುರುಪಿನಲ್ಲಿದ್ದ. ಅವ್ವ ಅವತ್ತು ಅವನಿಗೆ ಗಡ್ಡ ಹೆರೆದು, ಒಗೆದ ಬನಿಯನ್ನು ಹಾಕಿ ಕಳಿಸಿದ್ದಳು. ಬಲದಿಂದ ಎಡಕ್ಕೆ ಒಂದೊಂದೇ ಎತ್ತಿಕೊಳ್ಳುತ್ತ ಬಂದ. ಕಡ್ಡಿ ಹಾಕಿದ. ಎನಾಮಲ್ ತಟ್ಟೆಗೆ ಕೈ ಹಾಕಿ ತಡಕಾಡಿದ. ನಿಂತ. ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಒಂದೊಂದೇ ನಟ್ಟು ಸರಿಸಿ ನೋಡಿದ. ಗೋಣಿತಾಟನ್ನು ಎತ್ತಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಹೆಬ್ಬೆರಳು ತೋರುಬೆರಳು ಸೇರಿಸಿ ಪುಟ್ಟ ಸೊನ್ನೆ ಮಾಡಿ ತೋರಿಸಿದ.

"ಏನಪ್ಪ?" ಅಂದೆ.

"ಆಂ," ಅಂದು ಮತ್ತೆ ತೋರಿಸಿದ.

ಅವ್ವ ಬಂದಳು. ಸೊನ್ನೆ ನೋಡಿ, "ಮಾತ್ರೆನಾ? ಬೆಳಗ್ಗೆ ನುಂಗುದ್ರಲ್ಲ," ಎನ್ನುತ್ತ ಒಳಗೆ ಹೋಗಿ ಬಿ.ಪಿ. ಮಾತ್ರೆಯನ್ನೂ ನೀರನ್ನೂ ತಂದಳು. ಅಪ್ಪ ತಲೆ ಅಲ್ಲಾಡಿಸಿ ಮಾತ್ರೆಯನ್ನು ದೂರ ತಳ್ಳಿದ. "ಮತ್ತೇನು? ದುಡ್ಡಾ? ಬೋಂಡನಾ?" ಅವ್ವನಿಗೂ ಅಳು ಬರುವ ಹಾಗಾಯಿತು. ಹಟ್ಟಿಯಲ್ಲಿ ಕರು ಕೂಗಿತು, ಅವಳು ಆ ಕಡೆ ಹೋದಳು.

ಮತ್ತೆ ನಾವಿಬ್ಬರೇ. ನಾನು ಅಪ್ಪನ ಹತ್ತಿರ ಸರಿದು ಮೆಲ್ಲಗೆ ಹೇಳಿದೆ: "ನನ್ನೆಸ್ರೇಳು. ಎಲ್ಲದೆ ಅಂತ ನಾನೇ ಉಡುಕ್ಕೊಡ್ತೀನಿ."

ಅಪ್ಪ ನನ್ನ ಮುಖ ನೋಡಿದ. ಅವನು ಪ್ರಯತ್ನಪಟ್ಟ. ಕುತ್ತಿಗೆಯ ನರಗಳು ಉಬ್ಬಿದವು. ಬಾಯಿ ಒಂದು ಕಡೆಗೆ ಎಳೆಯಿತು. ಜೊಲ್ಲು ಇಳಿದು ಒಗೆದ ಬನಿಯನ್ನಿನ ಮೇಲೆ ಬಿತ್ತು. "ಪಾ..." ಅಂದ. ತಪ್ಪಾಯಿತೆಂದು ಅವನಿಗೇ ಗೊತ್ತಾಗಿ ತಲೆ ಕೊಡವಿದ. "ಪಾನಾ," ಅಂದ. ಮತ್ತೆ ತಲೆ ಕೊಡವಿ, "ಪಾನಾ. ಪಾನಾ," ಅಂದ.

"ಪಾನಾ ಅಲ್ಲ," ಅಂದೆ ನಾನು.

ಅಪ್ಪ ಎಡಗೈಯಿಂದ ತಟ್ಟೆಯನ್ನು ಎತ್ತಿ ಎಸೆದ. ಮೂರು ವಾರ ತೊಳೆದು ಒರೆಸಿ ಸಾಲಾಗಿ ಇಟ್ಟಿದ್ದ ನಟ್ಟು, ವಾಶರು, ಸ್ಪ್ರಿಂಗುಗಳೆಲ್ಲ ಅಂಗಳದ ಧೂಳಿನ ತುಂಬ ಹರಡಿಹೋದವು. ಹುಟ್ಟಿದಾಗಿನಿಂದ ಅವನು ಏನನ್ನೂ ಎಸೆದದ್ದನ್ನು ನಾನು ನೋಡಿರಲಿಲ್ಲ. ಕೋಲನ್ನೂ ತೆಗೆದುಕೊಳ್ಳದೆ, ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಅವ್ವ ಬೈಯಲಿಲ್ಲ. ರಾಗಿಹಿಟ್ಟಿನ ಜರಡಿ ತಂದು ಅಂಗಳದಲ್ಲಿ ಮಂಡಿಯೂರಿ ಕೂತು, ಧೂಳನ್ನು ಬೊಗಸೆ ಬೊಗಸೆಯಾಗಿ ಜರಡಿಗೆ ಹಾಕಿ ಆಡಿಸತೊಡಗಿದಳು. ಉಳಿದ ಒಂದೊಂದನ್ನು ಸೆರಗಿನಲ್ಲಿ ಒರೆಸಿ ತಟ್ಟೆಗೆ ಹಾಕುತ್ತಿದ್ದಳು. ಸೂರ್ಯ ನೆತ್ತಿಗೆ ಬಂದಿದ್ದ. "ಒಂದ್ ವಾಶರ್ ಓದ್ರೂ ಪಾಪ ಅವ್ರು ಏನ್ ಮಾಡಾರು? ಉಡ್ಕವ್ವ, ನಿನ್ ಕಣ್ ಚುರ್ಕು," ಅಂದಳು. ನಾನು ಬಗ್ಗಿ ಹುಡುಕುವವಳ ಹಾಗೆ ಮಾಡಿ, ಸೊಂಟದಿಂದ ಗುಂಡು ತೆಗೆದು ತಟ್ಟೆಗೆ ಹಾಕಿದೆ.

"ಎಲ್ಲಾ ಸಿಕ್ತಾ?"

"ಸಿಕ್ತು."

ಎಲ್ಲ ಸರಿಹೋಯಿತು ಎಂದೇ ನಾನು ತಿಳಿದಿದ್ದೆ. ನಾಳೆ ಅಪ್ಪ ಬಂದು ಕೂರುತ್ತಾನೆ, ಗುಂಡು ಅಲ್ಲೇ ಇರುತ್ತದೆ, ಜೋಡಿಸುತ್ತಾನೆ. ಆದರೆ ಶುಕ್ರವಾರ ಅಪ್ಪ ಏಳಲಿಲ್ಲ. ಶನಿವಾರವೂ ಏಳಲಿಲ್ಲ. ಅವ್ವ ಪಾನಾವನ್ನು ಕೈಗೆ ಕೊಟ್ಟರೆ ಹಾಸಿಗೆಯ ಮೇಲೆ ಬಿಟ್ಟ. "ಪಾನಾ ಅನ್ನಿ," ಅಂದಳು. "ಪ್ಲಗ್ಗು ಅನ್ನಿ." ಅವನು ಕಣ್ಣು ಮುಚ್ಚಿಕೊಂಡ.

ಭಾನುವಾರ ಬಾಷಣ್ಣ ಬಂದ. ಅವ್ವ ಎಲ್ಲ ಹೇಳಿದಳು. "ಅದೇನೋ ಒಂದ್ ಸಾಮಾನು ಇಲ್ಲ ಅಂತ ಕೈ ಸನ್ನೆ ಮಾಡ್ತಿದ್ರು ಬಾಷಣ್ಣ. ಗುಂಡ್ಗೆ ಇಷ್ಟ್ ಚಿಕ್ಕದು ಏನೋ. ನಂಗರ್ತ ಆಗ್ನಿಲ್ಲ."

"ಅಷ್ಟೇನಾ? ಯಾವ್ದು ಇಲ್ಲ ಅಂತ ನೋಡಿ, ನಾನ್ ತಂದ್ಕೊಡ್ತೀನಿ," ಎಂದು ಬಾಷಣ್ಣ ಒಳಗೆ ಹೋಗಿ ಅಪ್ಪನ ಭುಜ ಹಿಡಿದು ಎಬ್ಬಿಸಿದ. "ಏಳ್ರಿ ಡಾಕ್ಟ್ರೇ. ನಾಟಕ ಎಲ್ಲಾ ಬ್ಯಾಡ. ನಾನ್ ಇಲ್ವಾ?" ಅವನ ಹೆಗಲಿಗೆ ಕೈ ಹಾಕಿಕೊಂಡು ಅಪ್ಪ ಹೊರಗೆ ಬಂದ. ಜಗುಲಿಯ ಅಂಚಿನಲ್ಲಿ ಕೂತ. ಬಾಷಣ್ಣ ಕೇಳಿದ್ದಕ್ಕೆ ಮತ್ತೆ ಬೆರಳಿನಲ್ಲಿ ಸೊನ್ನೆ ಮಾಡಿದ. ಬಾಷಣ್ಣನಿಗೆ ತಕ್ಷಣ ಗೊತ್ತಾಯಿತು. ತಟ್ಟೆಯಲ್ಲಿ ಕೈಯಾಡಿಸಿ, ಗುಂಡನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡು ಅಪ್ಪನ ಮುಂದೆ ಹಿಡಿದ.

"ಇದೇ ಅಲ್ವಾ? ಇಲ್ಲೇ ಐತಲ್ಲ ಡಾಕ್ಟ್ರೇ. ಎಲ್ಲಾ ಐತೆ. ಏನೂ ಕಮ್ಮಿ ಆಗಿಲ್ಲ."

ಅಪ್ಪ ಆ ಗುಂಡನ್ನು ನೋಡಿದ. ಬಾಷಣ್ಣನನ್ನು ನೋಡಿದ. ತಟ್ಟೆಯನ್ನು ನೋಡಿದ. ನನ್ನ ಕಡೆ ನೋಡಲೇ ಇಲ್ಲ. ನಾನು ತೆಗೆದಿರಬಹುದು ಎಂಬ ಯೋಚನೆ ಅವನಿಗೆ ಬರಲೇ ಇಲ್ಲ. ಎಡಗೈ ಎತ್ತಿ, ಬೆರಳಿನಿಂದ ತನ್ನ ಹಣೆಯನ್ನು ಎರಡು ಸಲ ಮೆಲ್ಲಗೆ ತಟ್ಟಿಕೊಂಡ. ಸರಿ, ಇಲ್ಲೇ ಕೆಟ್ಟುಹೋಗಿದೆ ಎನ್ನುವ ಹಾಗೆ ತಲೆಯಾಡಿಸಿದ.

ನಾನು ಬಾಯಿ ತೆರೆದೆ. ಅದು ನನಗೆ ಸ್ಪಷ್ಟವಾಗಿ ನೆನಪಿದೆ. ನಾಲಿಗೆಯ ತುದಿಗೆ ಮಾತು ಬಂದಿತ್ತು. ನನಗೆ ಪಾರ್ಶ್ವವಾಯು ಹೊಡೆದಿರಲಿಲ್ಲ, ಹೇಳಲು ಎಲ್ಲ ಮಾತೂ ಇತ್ತು. ಅಷ್ಟರಲ್ಲಿ ಅವ್ವ, "ಬಾಷಣ್ಣಂಗೆ ನೀರ್ ತಗಬಾ," ಅಂದಳು. ನಾನು ಒಳಗೆ ಹೋದೆ. ಅಡುಗೆಮನೆಯಲ್ಲಿ ಚೊಂಬು ಹಿಡಿದುಕೊಂಡು ನಿಂತೆ. ಹೇಳಿದರೆ ಅವ್ವ ಏನು ಮಾಡುತ್ತಾಳೆ ಎಂದು ಹೆದರಿದೆ. ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಹೊರಗೆ ಬಂದಾಗ ಬಾಷಣ್ಣ ಆಗಲೇ ಅಂಗಿ ತೋಳು ಮಡಿಸಿ ಕ್ಲಚ್ಚು ಜೋಡಿಸುತ್ತಿದ್ದ.

ಊಟದ ಹೊತ್ತಿಗೆಲ್ಲ ಗಾಡಿ ಗಾಡಿಯಾಯಿತು. ಟ್ಯಾಂಕು ಕೂತಿತು, ಸೀಟು ಕೂತಿತು. ಬಾಷಣ್ಣ ಗೇರು ಹಾಕಿ, ಕ್ಲಚ್ಚು ಹಿಡಿದು ಹಿಂದಿನ ಚಕ್ರ ತಿರುಗಿಸಿದ. ಸಲೀಸಾಗಿ ತಿರುಗಿತು. ಮೂರನೇ ಒದೆತಕ್ಕೆ ಶುರುವಾಯಿತು. ಸಂಕ್ರಾಂತಿಯಿಂದ ಕೇಳದಿದ್ದ ಆ ಶಬ್ದಕ್ಕೆ ಅಕ್ಕಪಕ್ಕದ ಮನೆಯವರೆಲ್ಲ ಹೊರಗೆ ಬಂದು ನಿಂತರು. "ಬನ್ರಿ, ಕೂತ್ಕಳಿ. ಕೆರೆಗಂಟ ಓಗಿ ಬರಣ," ಎಂದು ಬಾಷಣ್ಣ ಕೂಗಿದ. ನಾನು ಸ್ಟೆತಾಸ್ಕೋಪನ್ನು ತಂದು ಅಪ್ಪನ ಮಡಿಲಲ್ಲಿ ಇಟ್ಟೆ. ಅವನು ಅದನ್ನು ಮುಟ್ಟಲಿಲ್ಲ. ಬಾಷಣ್ಣನ ಕಡೆಗೆ ಕೈ ಬೀಸಿದ. ಒಮ್ಮೆ ಅಲ್ಲ, ಎರಡು ಮೂರು ಸಲ. ಹೋಗು, ತೆಗೆದುಕೊಂಡು ಹೋಗು ಎಂದು. ಬಾಷಣ್ಣ ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿದ. ಎಂಜಿನ್ ಆರಿಸಿ ಬಂದು ಅಪ್ಪನ ಕಾಲ ಬಳಿ ಕೂತು, "ಯಾಕ್ರಿ? ಏನಾಯ್ತು?" ಅಂದ. ಅಪ್ಪ ಕೈ ಬೀಸುತ್ತಲೇ ಇದ್ದ.

ಮುಂದಿನ ಭಾನುವಾರ ಬಾಷಣ್ಣ ಗಾಡಿಯನ್ನು ಶ್ರೀರಂಗಪಟ್ಟಣಕ್ಕೆ ಓಡಿಸಿಕೊಂಡು ಹೋದ. "ಹುಷಾರಾಗೋತಂಕ ನನ್ತಾವ ಇರ್ಲಿ, ಭಾಬಿ," ಎಂದು ಹೇಳಿದ. ನಾಲೆ ಏರಿಯ ಮೇಲೆ ಶಬ್ದ ಸಣ್ಣದಾಗುತ್ತ ಹೋಗುವುದನ್ನು ನಾವು ಮೂವರೂ ಕೇಳಿದೆವು.

ಆ ದಿನದಿಂದ ಅಪ್ಪ ಒಂದು ಮಾತೂ ಆಡಲಿಲ್ಲ. ಪಾನಾ ಹೋಯಿತು, ಪ್ಲಗ್ಗು ಹೋಯಿತು, ಕಾರ್ಬುರೇಟರೂ ಹೋಯಿತು. ಅವ್ವ ಹಸು ಕರುವಿನ ಹೆಸರು, ಸಾಂಬಾರಿನ ಹೆಸರು ಹೇಳಿಸಲು ನೋಡಿದಳು. ನಾನು ದಿನಾ ಬೆಳಿಗ್ಗೆ ಎದ್ದಾಗ ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಆರನೇ ಕ್ಲಾಸಿಗೆ ಸೇರಿದೆ. ದಸರಾ ರಜೆ ಬಂತು, ಹೋಯಿತು. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಸ್ಕೂಲಿನಲ್ಲಿದ್ದಾಗ ಅಪ್ಪನಿಗೆ ಎರಡನೇ ಸಲ ಹೊಡೆಯಿತು. ಈ ಸಲ ಮೈಸೂರಿನವರೆಗೂ ಹೋಗಬೇಕಾಗಲಿಲ್ಲ. ಎಲ್ಲಿಂದೆಲ್ಲಿಂದಲೋ ಜನ ಬಂದಿದ್ದರು. ಹಸು ಉಳಿಸಿಕೊಟ್ಟ ಕತೆಗಳನ್ನು ಹೇಳಿ ಅತ್ತರು. ಬಾಷಣ್ಣ ಬೇಲಿಯ ಹತ್ತಿರ ಒಬ್ಬನೇ ನಿಂತಿದ್ದ.

ಅಪ್ಪನಿಗೆ ಎರಡನೇ ಸಲ ಹೊಡೆಯಲು ನಾನು ಕಾರಣ ಅಲ್ಲ ಎಂದು ನನಗೆ ಗೊತ್ತಿದೆ. ನನ್ನ ಪರಿಚಯದ ಡಾಕ್ಟರೊಬ್ಬರನ್ನು ಬೇರೆ ಯಾರದೋ ಕತೆ ಎಂಬಂತೆ ಕೇಳಿ ತಿಳಿದುಕೊಂಡಿದ್ದೇನೆ. ಆದರೆ ಸಾಯುವ ಮೊದಲಿನ ಆರು ತಿಂಗಳು ಅವನು ತನಗೆ ತಲೆ ಕೆಟ್ಟಿದೆ ಎಂದು ನಂಬಿಕೊಂಡು ಬದುಕಿದ. ಅದಕ್ಕೆ ನಾನೇ ಕಾರಣ. ಗುಂಡು ಕದ್ದದ್ದಕ್ಕಿಂತ, ಸುಮ್ಮನೆ ವಾಪಸು ಇಟ್ಟದ್ದು ದೊಡ್ಡ ತಪ್ಪು.

ಅವ್ವನಿಗೆ ನಾನು ಹೇಳಿದ್ದು ಮೊನ್ನೆ ಮೊನ್ನೆ. ನನಗೆ ನಲವತ್ತು ದಾಟಿದೆ, ಕೆ.ಆರ್. ಪೇಟೆಯಲ್ಲಿ ಟೀಚರು. ಅವ್ವ ನನ್ನ ಜೊತೆಯಲ್ಲೇ ಇದ್ದಾಳೆ, ಈಗಲೂ ಒಂದು ಹಸು ಕಟ್ಟಿದ್ದಾಳೆ. ಹೊಸಹೊಳಲಿನ ಕಡೆಯಿಂದ ಭಾನುವಾರ ಹುಡುಗರು ಗುಂಪಾಗಿ ದೊಡ್ಡ ಗಾಡಿಗಳಲ್ಲಿ ಹೋಗುತ್ತಿರುತ್ತಾರೆ. ಅಂಥದೇ ಒಂದು ಶಬ್ದ ಕೇಳಿ ಅವ್ವ, "ನಿಮ್ಮಪ್ಪಂದೂ ಇಂಗೇ ಅಂತಿತ್ತು," ಅಂದಳು. ಆಗ ಹೇಳಿದೆ. ಎಲ್ಲವನ್ನೂ ಹೇಳಿದೆ. ಅವಳು ಹಾಲು ಕರೆಯುವ ಚೆಂಬನ್ನು ಮಂಡಿಯ ಮೇಲೆ ಇಟ್ಟುಕೊಂಡು ಕೇಳಿಸಿಕೊಂಡಳು. "ಅವತ್ತೇ ಏಳಿದ್ರೆ ನಾಕ್ ಬಾರುಸ್ತಿದ್ದೆ. ಆಮೇಲೆ ಅವ್ರ ತಾವ ಓಗಿ, ಇದು ಮಗಳ್ ಮಾಡಿರದು ಕಣ್ರೀ, ನಿಮ್ಗೇನೂ ಆಗಿಲ್ಲ ಅಂತಿದ್ದೆ," ಅಂದಳು. "ಈಗ ಏಳ್ದೆ. ಈಗ ನಾನ್ ಯಾರ್ಗೋಗಿ ಏಳ್ಲಿ?"

ಎದ್ದು ಹಟ್ಟಿಗೆ ಹೋದಳು. ಆ ವಿಷಯ ಮತ್ತೆ ಎತ್ತಿಲ್ಲ.

ಆ ಕಾಲದ್ದು ಈಗ ಹೆಚ್ಚೇನೂ ಉಳಿದಿಲ್ಲ. ಗಾಡಿ ಬಾಷಣ್ಣನಿಂದ ಯಾರಿಗೋ ಹೋಯಿತು, ಬಾಷಣ್ಣನೂ ಹೋದ. ಹೊಂಗೆಮರ ರಸ್ತೆ ಅಗಲ ಮಾಡುವಾಗ ಹೋಯಿತು. ಇವೆಲ್ಲ ಎಲ್ಲರ ಪಾಲಿಗೂ ಹೋಗುವಂಥವು. ಇದಕ್ಕೆಲ್ಲ ನಾನು ಅಳುವುದಿಲ್ಲ. ಅಪ್ಪನದು ಎರಡು ಫೋಟೋ ಇವೆ. ದನಿ ಎಲ್ಲಿಯೂ ಇಲ್ಲ, ಆಗ ನಮ್ಮ ಮನೆಯಲ್ಲಿ ದನಿ ಹಿಡಿದಿಡುವ ಸಾಮಾನು ಯಾವುದೂ ಇರಲಿಲ್ಲ. ಇಲ್ಲಿ ಅವನ ಮಾತು ಬರೆದಿದ್ದೇನಲ್ಲ, ಮಾತು ಅವನದೇ; ಓದಿಕೊಂಡರೆ ಕೇಳುವುದು ನನ್ನ ದನಿ. ಕಾಯಿಲೆ ಬೀಳುವ ಮೊದಲು, ಹತ್ತು ವರ್ಷ, ದಿನಕ್ಕೆ ಹತ್ತಾರು ಸಲ ಅಪ್ಪ ನನ್ನನ್ನು ಹೆಸರು ಹಿಡಿದು ಕರೆದಿದ್ದಾನೆ. ಒಂದೇ ಕೂಗಿಗೆ ನಾನು ಹೋಗುತ್ತಿರಲಿಲ್ಲ. ಆಟದ ನಡುವೆ ಕರೆಯುತ್ತಾನೆ ಎಂದು ಸಿಟ್ಟು ಬರುತ್ತಿತ್ತು. ಕೇಳಿಸಿದರೂ ಕೇಳಿಸದ ಹಾಗೆ ಇದ್ದು, ಮೂರು ಮೂರು ಸಲ ಕರೆಸಿಕೊಂಡು, ಆಮೇಲೆ "ಏನಪ್ಪಾ," ಅನ್ನುತ್ತಿದ್ದೆ.